ಲೀಟರಿಗೆ ಏಳು

ಅವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಎತ್ತಿನ ಗಾಡಿಯ ಚಕ್ರ ಹತ್ತಿ ಇಳಿದಿತ್ತಂತೆ. ಉಗುರು ಅರ್ಧಕ್ಕೆ ಸೀಳಿ, ಗಿಣ್ಣು ದಪ್ಪಗಾಗಿ, ಬೆರಳು ಹೊರಕ್ಕೆ ವಾಲಿಕೊಂಡಿತ್ತು. ಆ ಬೆರಳೊಂದನ್ನೇ ಆಕ್ಸಿಲರೇಟರಿನ ಮೇಲಿಟ್ಟು ಅವರು ಮೂರು ಟನ್ ತೂಗುವ ಗಾಡಿಯನ್ನು ಓಡಿಸುತ್ತಿದ್ದರು. ಹತ್ತುವ ಮೊದಲು ಚಪ್ಪಲಿ ಬಿಚ್ಚಿ, ಹಳೇ ಪೇಪರಿನಲ್ಲಿ ಸುತ್ತಿ ಸೀಟಿನ ಕೆಳಗಿಟ್ಟು, ಅಂಗಾಲನ್ನು ಟವೆಲ್ಲಿನಿಂದ ಒರೆಸಿಕೊಳ್ಳುವುದನ್ನು ಮೊದಲ ದಿನ ನೋಡಿದಾಗ ನನಗೆ ನಗು ಬಂದಿತ್ತು. ಆಮೇಲೆ ಒಂಬತ್ತು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತು ಓಡಾಡಿದೆ. ನಗು ಯಾವತ್ತು ನಿಂತಿತೋ ಗೊತ್ತಿಲ್ಲ.

ನಾನು ಕಣ್ಣಿನ ಡಾಕ್ಟರು. ಮನೆ, ಕ್ಲಿನಿಕ್ಕು ಎರಡೂ ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ. ತಾತ ಅರಮನೆಯ ಕಚೇರಿಯಲ್ಲಿದ್ದವರು, ಅಪ್ಪ ಕಾಲೇಜಿನಲ್ಲಿ ಪಾಠ ಹೇಳಿದವರು. ನಮ್ಮ ಮನೆಯವರಿಗೆ ಕಾರು ಎಂದರೆ ಅದರ ಹಿಂದಿನ ಸೀಟು, ಅಷ್ಟೆ. ಗಾಡಿ ಓಡಿಸುತ್ತಿದ್ದ ಅವರು ಊರಂಚಿನ ದಟ್ಟಗಳ್ಳಿಯವರು. ಊರು ಕೇಳಿದರೆ 'ಸೈಟ್ ಆಗಕ್ ಮುಂಚಿನ ದಟ್ಟಗಳ್ಳಿ' ಎಂದು ತಿದ್ದಿ ಹೇಳುತ್ತಿದ್ದರು. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾದ ಮೇಲೆ ಲಾರಿ ಹತ್ತಿದರು, ಲಾರಿಯಿಂದ ಪ್ರವಾಸಿ ಬಸ್ಸು, ಬಸ್ಸಿನಿಂದ ನಮ್ಮ ಟ್ರಸ್ಟು. ನನಗೂ ನರ್ಸುಗಳಿಗೂ ಅವರು ಡ್ರೈವರಣ್ಣ. ಅವರಿಗೆ ನಾನು ಡಾಕ್ಟ್ರಮ್ಮ, ಏನಾದರೂ ಬುದ್ಧಿ ಹೇಳಬೇಕೆನಿಸಿದಾಗ ಮಾತ್ರ ತಾಯಿ.

ಟ್ರಸ್ಟು ಎಂದರೆ ನಾಲ್ಕೈದು ಜನ ಹಿರಿಯರು ಸೇರಿ ನಡೆಸುವ ಸಣ್ಣ ವ್ಯವಸ್ಥೆ. ತಿಂಗಳಿಗೆ ಎರಡು ಸಲ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಗೆ ಹೋಗಿ ಅಲ್ಲಿನ ಗಿರಿಜನರ ಕಣ್ಣು ನೋಡುವುದು, ಪೊರೆ ಬಂದವರನ್ನು ಮೈಸೂರಿಗೆ ಕರೆತಂದು ಆಪರೇಷನ್ ಮಾಡಿ ಮತ್ತೆ ಮನೆ ಬಾಗಿಲಿಗೆ ಬಿಡುವುದು, ಇದೇ ನಮ್ಮ ಕೆಲಸ. ಮೊದಲು ಬಾಡಿಗೆ ಜೀಪಿನಲ್ಲಿ ಹೋಗುತ್ತಿದ್ದೆವು. ಹಳ್ಳ ದಿಣ್ಣೆಯಲ್ಲಿ ಕುಲುಕಿ ಕುಲುಕಿ ಕಣ್ಣು ಪರೀಕ್ಷೆಯ ಯಂತ್ರ ಎರಡು ಸಲ ಕೆಟ್ಟಿತು. ಹೀಗಿರುವಾಗ ತಾಯಿಯ ಪೊರೆ ತೆಗೆಸಿಕೊಂಡು ಹೋದ ಒಬ್ಬ ಉದ್ಯಮಿ, ಹೊಸ ಗಾಡಿ ಕೊಂಡ ಖುಷಿಯಲ್ಲಿ ತಮ್ಮ ಹಳೆಯದನ್ನು ಟ್ರಸ್ಟಿಗೆ ಕೊಟ್ಟುಬಿಟ್ಟರು. ವಿದೇಶದಲ್ಲಿ ತಯಾರಾದ ದೊಡ್ಡ ಗಾಡಿ. ಒಳಗೆ ಕೆನೆಬಣ್ಣದ ಚರ್ಮದ ಸೀಟು, ನಯಗೊಳಿಸಿದ ಮರದ ಪಟ್ಟಿ, ಬಂಡೆ ಹತ್ತಿದರೂ ಲೋಟದ ನೀರು ತುಳುಕದ ಸಸ್ಪೆನ್ಷನ್ನು. ಮಧ್ಯದ ಸೀಟಿನಲ್ಲಿ ಯಂತ್ರವನ್ನು ಕೂರಿಸಿ ಬೆಲ್ಟು ಹಾಕಿದೆವು. ಆ ಐಷಾರಾಮದಲ್ಲಿ ರಾಜನ ಹಾಗೆ ಕೂತು ಹೋದದ್ದು ಅದೊಂದೇ. ನರ್ಸುಗಳಿಬ್ಬರು ಹಿಂದೆ ಡಬ್ಬಗಳ ನಡುವೆ ಮಡಚಿಕೊಂಡಿರುತ್ತಿದ್ದರು.

ದಾನ ಬಂದ ಆನೆಯನ್ನು ಸಾಕುವುದು ಹೇಗೆ ಎಂಬ ಪ್ರಶ್ನೆ ಎರಡನೇ ತಿಂಗಳಿಗೇ ಬಂತು. ಕಂಪನಿಯ ಕಾಗದದಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಎಂದಿತ್ತು. ಗಾಡಿಯ ಮುಂದಿನ ಪರದೆ ಒಂಬತ್ತು ಎನ್ನುತ್ತಿತ್ತು. ಡೀಸೆಲ್ ಕುಡಿಯುವುದನ್ನು ನೋಡಿದರೆ ಎರಡೂ ನಂಬುವ ಹಾಗಿರಲಿಲ್ಲ. ನಮ್ಮ ಅಧ್ಯಕ್ಷರು ನಿವೃತ್ತ ಇಂಜಿನಿಯರು, ಒಳ್ಳೆಯವರು, ಆದರೆ ಪ್ರತಿ ಮಾತಿಗೂ ಅಂಕಿ ಕೇಳುವವರು. "ನೋಡಮ್ಮ, ನನಗೆ ನಿಜವಾದ ಮೈಲೇಜ್ ಬೇಕು. ಏಳಕ್ಕಿಂತ ಕಡಿಮೆ ಬಂದರೆ ಮಾರಿಬಿಡೋಣ. ಟಾರು ರಸ್ತೆ ಇರೋ ಊರುಗಳಿಗೆ ವ್ಯಾನಿನಲ್ಲಿ ಹೋದರಾಯ್ತು" ಎಂದರು. ಟಾರು ರಸ್ತೆ ಇರುವ ಊರಿನವರು ಬಸ್ಸು ಹತ್ತಿಯಾದರೂ ಬಂದಾರು. ಹಾಡಿಯವರಿಗೆ ನಾವು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಾಡಿ ಹೋದರೆ ಹಾಡಿಯ ಶಿಬಿರವೂ ಹೋದಂತೆ ಎಂದು ನನಗೆ ಗೊತ್ತಿತ್ತು.

"ಪರದೇಲಿ ಒಂಬತ್ತು ತೋರಿಸ್ತಿದೆಯಲ್ಲ ಅಣ್ಣಾ, ಅದನ್ನೇ ಬರೆದುಕೊಡೋಣ" ಎಂದೆ.

"ಡಾಕ್ಟ್ರಮ್ಮ, ಅದು ಗಾಡಿ ತನ್ ಬಗ್ಗೆ ತಾನೇ ಯೋಳ್ಕಳ ಮಾತು ಕಣಮ್ಮ. ಹೆಣ್ಣು ನೋಡಕ್ಕೋದಾಗ ಗಂಡಿನ್ ಕಡೇರು ಯೋಳ್ತಾರಲ್ಲ, ಅಂಗೆ. ಅರ್ಧ ಕಳೆದು ತಕೋಬೇಕು."

"ಹಾಗಾದರೆ ಖಾಲಿ ಗಾಡಿ ತಗೊಂಡು ನಂಜನಗೂಡಿನ ರಸ್ತೇಲಿ ಒಂದು ಸುತ್ತು ಹೋಗಿ ಬನ್ನಿ. ಎಂಟಾದರೂ ಬರುತ್ತೆ."

"ಬರ್ತದೆ ತಾಯಿ. ಒಂಬತ್ತೂ ಬರ್ತದೆ. ಆದ್ರೆ ಅದು ನಂಜನಗೂಡ್ ರೋಡಿನ್ ಮೈಲೇಜು. ನಮ್ಗೆ ಬೇಕಾಗಿರೋದು ಹಾಡೀದು."

ಅವರು ಅಳೆದ ರೀತಿಯನ್ನು ಪಕ್ಕದಲ್ಲಿ ನಿಂತು ನೋಡಿದೆ. ಬಿಸಿಲೇರುವ ಮೊದಲೇ ಪೆಟ್ರೋಲ್ ಬಂಕಿಗೆ ಹೋಗಬೇಕು. ಯಾವಾಗಲೂ ಒಂದೇ ಬಂಕು, ಅದರಲ್ಲೂ ಒಂದೇ ಪಂಪು, ನೆಲದ ಮೇಲೆ ತಾವೇ ಎಳೆದ ಸುಣ್ಣದ ಗೆರೆಗೆ ಮುಂದಿನ ಚಕ್ರ ಸರಿಯಾಗಿ ತಾಗಬೇಕು. ಗಾಡಿ ಒಂದು ಬೆರಳು ವಾಲಿದರೂ ಟ್ಯಾಂಕಿನಲ್ಲಿ ಅರ್ಧ ಲೀಟರಿನ ವ್ಯತ್ಯಾಸ ಬರುತ್ತದಂತೆ. ಡೀಸೆಲ್ ತುಂಬಿದ ಮೇಲೆ ನೊರೆ ಇಳಿಯುವವರೆಗೆ ಕಾಯುವುದು, ಗಾಡಿಯ ಹಿಂಭಾಗವನ್ನು ನಾಲ್ಕು ಸಲ ಕುಲುಕುವುದು, ಕೊಳವೆಯ ಕತ್ತಿನ ಗುರುತಿನವರೆಗೆ ಮತ್ತೆ ಹನಿಹನಿಯಾಗಿ ತುಂಬುವುದು. ಹಿಂದೆ ನಿಂತ ಕಾರಿನವರು ಹಾರನ್ ಹೊಡೆದರೆ ತಿರುಗಿ ನೋಡುತ್ತಿರಲಿಲ್ಲ. "ಸೇರಲ್ಲಿ ಅಳೆಯೋವಾಗ ಬಾಯಿ ಸಮ ಸವರಬೇಕು. ರಾಶಿ ಕಟ್ಟಿ ಅಳೆದ್ರೆ ಕೊಟ್ಟೋನ್ಗೂ ತಿಳಿಯಾಕಿಲ್ಲ, ಇಸ್ಕಂಡೋನ್ಗೂ ತಿಳಿಯಾಕಿಲ್ಲ" ಎನ್ನುತ್ತಿದ್ದರು. ಹಾಡಿಗೆ ಹೋಗಿ ಬಂದು, ಅದೇ ಗೆರೆಗೆ ಚಕ್ರ ತಾಗಿಸಿ, ಅದೇ ಗುರುತಿಗೆ ತುಂಬಿಸಿ, ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಬೇಕು. ನಾನು ಪ್ರಯೋಗಾಲಯಗಳಲ್ಲಿ ಇಷ್ಟು ಶ್ರದ್ಧೆ ಕಂಡಿರಲಿಲ್ಲ.

ಬಂದದ್ದು ಐದು ಪಾಯಿಂಟ್ ಎಂಟು.

ಅದನ್ನು ಅವರು ಹಾಗೇ ಬರೆದುಕೊಟ್ಟರು. ನನಗೆ ಮೈ ಉರಿದುಹೋಯಿತು. ಏಳು ಎಂದು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಅಧ್ಯಕ್ಷರು ಆ ಚೀಟಿಯನ್ನು ಬಹಳ ಹೊತ್ತು ನೋಡಿ, "ಇದು ನಿಜವಾದ ಅಂಕಿ. ಇಷ್ಟು ಕೆಟ್ಟ ಅಂಕಿಯನ್ನ ಯಾರೂ ಸುಮ್ಮನೆ ಬರೆಯೋದಿಲ್ಲ" ಎಂದರು. ಡ್ರೈವರಣ್ಣನಿಗೆ ಆರು ತಿಂಗಳು ಗಡುವು ಕೊಟ್ಟರು. ಐದು ಪಾಯಿಂಟ್ ಎಂಟನ್ನು ಏಳು ಮಾಡಬೇಕು.

ಏಳು ಮಾಡಿದರು. ಹೇಗೆ ಎಂದು ಕೇಳಿದರೆ ಒಂದು ದೊಡ್ಡ ಗುಟ್ಟೇನೂ ಇರಲಿಲ್ಲ, ನೂರು ಸಣ್ಣ ಸಣ್ಣ ಕೆಲಸಗಳಿದ್ದವು. ಗಾಡಿಯ ತಲೆಯ ಮೇಲಿನ ಕಬ್ಬಿಣದ ಕ್ಯಾರಿಯರ್ ಬಿಚ್ಚಿಸಿದರು. ಗಾಳಿಗೆ ಅಡ್ಡ ನಿಲ್ಲುತ್ತದಂತೆ. ನಾನು 'ಇರಲಿ' ಎಂದು ತುಂಬಿಸಿಕೊಂಡಿದ್ದ ಎರಡು ಡಬ್ಬ ಹಳೇ ಕನ್ನಡಕಗಳನ್ನು ತೂಗಿ, ಎಷ್ಟು ಜನಕ್ಕೆ ಬೇಕೋ ಅಷ್ಟೇ ಇಟ್ಟರು. ಹೆಗ್ಗಡದೇವನಕೋಟೆ ದಾಟಿ ಮಣ್ಣಿನ ದಾರಿ ಶುರುವಾಗುವ ಕಡೆ ಗಾಡಿ ನಿಲ್ಲಿಸಿ, ಚಕ್ರ ಹೂತುಕೊಳ್ಳದಂತೆ ಟೈರಿನ ಗಾಳಿ ಇಳಿಸುವರು, ವಾಪಸ್ ಬರುವಾಗ ಅಲ್ಲೇ ಕೂತು ಕಾಲು ಪಂಪಿನಲ್ಲಿ ಮತ್ತೆ ತುಂಬುವರು. ಅರ್ಧ ಗಂಟೆಯ ಕೆಲಸ. ಒಂದು ದಿನವೂ ಬೇಸರ ಮಾಡಿಕೊಂಡದ್ದಿಲ್ಲ. ಇನ್ನು ದಾರಿಯಲ್ಲಿ ಅವರು ಬ್ರೇಕನ್ನು ಹೆಚ್ಚಾಗಿ ಮುಟ್ಟುತ್ತಲೇ ಇರಲಿಲ್ಲ. ಫರ್ಲಾಂಗು ದೂರದಲ್ಲಿ ಹಸು ಬಾಲ ಆಡಿಸಿದರೆ ಅದು ರಸ್ತೆ ದಾಟುತ್ತದೋ ಇಲ್ಲವೋ ಎಂದು ತಿಳಿದು ಇಲ್ಲೇ ಬೆರಳು ಸಡಿಲಿಸುತ್ತಿದ್ದರು. ಹಸು ದಾಟುತ್ತಿತ್ತು, ಗಾಡಿ ತನ್ನ ಪಾಡಿಗೆ ನಿಧಾನವಾಗಿ ಅದರ ಹಿಂದೆ ಹಾದುಹೋಗುತ್ತಿತ್ತು.

ಒಂದು ಮಳೆಗಾಲದ ಬೆಳಿಗ್ಗೆ ನೆನಪಿದೆ. ಹಾಡಿಗೆ ಒಂದು ಮೈಲಿ ಇರುವಾಗ ಇಳಿಜಾರಿನ ಕೆಸರಲ್ಲಿ ಒಂದು ಜೀಪು ಸಿಕ್ಕಿಬಿದ್ದು, ಡ್ರೈವರು ಆಕ್ಸಿಲರೇಟರನ್ನು ತುಳಿದು ತುಳಿದು ಚಕ್ರಗಳನ್ನು ಇನ್ನೂ ಹೂತುಕೊಂಡಿದ್ದ. ನಮ್ಮವರು ಇಳಿದು ಪಂಚೆ ಎತ್ತಿಕಟ್ಟಿ ಆ ಕೆಸರಿನಲ್ಲಿ ಬರಿಗಾಲಲ್ಲಿ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎರಡು ಸಲ ನಡೆದರು. ಎಲ್ಲಿ ನೆಲ ಗಟ್ಟಿ, ಎಲ್ಲಿ ಟೊಳ್ಳು ಎಂದು ಕಾಲಿನಲ್ಲೇ ನೋಡಿಕೊಂಡರು. ಆಮೇಲೆ ಹತ್ತಿ ಕೂತು, ಆ ಮೂರು ಟನ್ನನ್ನು ಜೀಪಿನ ಪಕ್ಕದಲ್ಲೇ, ಒಂದೇ ಹದದಲ್ಲಿ, ಇಂಜಿನ್ನಿನ ದನಿ ಒಂದಿಷ್ಟೂ ಏರದ ಹಾಗೆ ಇಳಿಸಿ ಹತ್ತಿಸಿಬಿಟ್ಟರು. ಆಚೆ ಬದಿಯಲ್ಲಿ ನಿಲ್ಲಿಸಿ, ಹಗ್ಗ ಹಾಕಿ ಜೀಪನ್ನೂ ಎಳೆದರು. ಹಿಂದೆ ಕೂತ ನರ್ಸು ಕೈಮುಗಿದದ್ದು ದೇವರಿಗೋ ಇವರಿಗೋ ನನಗೆ ತಿಳಿಯಲಿಲ್ಲ. ನನಗಂತೂ ಒಂದು ದೊಡ್ಡ ಶಸ್ತ್ರಚಿಕಿತ್ಸೆಯನ್ನು ಒಳ್ಳೆಯ ಕೈಯೊಂದು ಮುಗಿಸಿದ್ದನ್ನು ನೋಡಿದ ಹಾಗಾಯಿತು.

ಪ್ರತಿ ಶಿಬಿರದ ಮೈಲೇಜನ್ನು ಅವರು ಗೋಡೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತಿದ್ದರು. ಏಳು. ಏಳು ಪಾಯಿಂಟ್ ಒಂದು. ಮಳೆ ಬಂದರೆ ಆರು ಪಾಯಿಂಟ್ ಒಂಬತ್ತು. ಅಷ್ಟು ದೊಡ್ಡ ಗಾಡಿ, ಅಷ್ಟು ಕೆಟ್ಟ ದಾರಿ, ಅಂಕಿ ಮಾತ್ರ ಏಳನ್ನು ಬಿಟ್ಟು ಕದಲುತ್ತಿರಲಿಲ್ಲ. ಅದೇ ಮಾದರಿಯ ಗಾಡಿ ಇಟ್ಟುಕೊಂಡವರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದಾಗ, ತಮಗೆ ಊರೊಳಗೆ ಐದು ಬಂದರೆ ಹೆಚ್ಚು ಎಂದು ಗೋಳು ಹೇಳಿಕೊಂಡರು. ನಮ್ಮದು ಹಾಡಿಯ ದಾರಿಯಲ್ಲಿ ಏಳು ಎಂದೆ. ಅವರು ನಂಬಲಿಲ್ಲ, ನಾನು ನಂಬಿಸಲೂ ಹೋಗಲಿಲ್ಲ.

ಶಿಬಿರ ಮುಗಿದ ಮೇಲೆ ನಾನು ತಮಾಷೆಗೆಂಬಂತೆ ಅವರನ್ನೂ ಅಕ್ಷರದ ಬೋರ್ಡಿನ ಮುಂದೆ ನಿಲ್ಲಿಸುವುದಿತ್ತು. ವರ್ಷಕ್ಕೊಂದು ಸಲ, ಸಾಮಾನು ಕಟ್ಟುವ ಮೊದಲು. ಅವರು ಒಂದು ಕಣ್ಣು ಮುಚ್ಚಿ ಕಟ್ಟಕಡೆಯ ಸಾಲನ್ನು ಪಟಪಟನೆ ಓದುವರು, ಮತ್ತೊಂದು ಮುಚ್ಚಿ ಅದನ್ನೇ ಓದುವರು. "ಹದ್ದಿನ ಕಣ್ಣು ಅಣ್ಣಾ ನಿಮ್ಮದು" ಎಂದು ನಾನು, ನರ್ಸುಗಳ ಚಪ್ಪಾಳೆ. ಆಯಿತು, ಡ್ರೈವರಣ್ಣನ ಕಣ್ಣಿನ ಪರೀಕ್ಷೆ ಮುಗಿಯಿತು.

ಎಂಟನೆಯ ವರ್ಷ ಅಂಕಿ ಇಳಿಯತೊಡಗಿತು. ಆರು ಪಾಯಿಂಟ್ ಏಳು, ಆರು ಪಾಯಿಂಟ್ ನಾಲ್ಕು. ಮರುವರ್ಷದ ಯುಗಾದಿಯ ಹೊತ್ತಿಗೆ ಆರು ಪಾಯಿಂಟ್ ಒಂದು. ಗಾಡಿಯನ್ನು ಸರ್ವೀಸಿಗೆ ಬಿಟ್ಟೆವು. ಅಲ್ಲಿಯವರು ಫಿಲ್ಟರು ಬದಲಿಸಿದರು, ಇಂಜಿನ್ನು ನೋಡಿದರು, ಎಲ್ಲಾ ಸರಿಯಾಗಿದೆ ಎಂದರು. ಅಧ್ಯಕ್ಷರು ಮತ್ತೆ ಹಳೆಯ ಮಾತು ತೆಗೆದರು. "ಗಾಡಿಗೆ ವಯಸ್ಸಾಯ್ತು ಕಣಮ್ಮ. ನಾವು ತುಂಬಾ ದಿನ ಎಳೆದೆವು. ಮುಂದಿನ ಸಭೇಲಿ ಮಾರೋದು ತೀರ್ಮಾನ ಮಾಡಿಬಿಡೋಣ." ನಾನು ಗಾಡಿಯನ್ನು ಬೈದೆ, ಬಂಕಿನವರ ಡೀಸೆಲ್ಲನ್ನು ಬೈದೆ, ಪಂಚಾಯ್ತಿಯ ರಸ್ತೆಯನ್ನು ಬೈದೆ. ಹಾಡಿಗಳಲ್ಲಿ ಪೊರೆ ತೆಗೆಸಲು ಹೆಸರು ಬರೆಸಿಕೊಂಡವರು ಇನ್ನೂ ಇದ್ದರು. ಡ್ರೈವರಣ್ಣ ಯಾರನ್ನೂ ಬೈಯಲಿಲ್ಲ. ಮುಂದಿನ ಶಿಬಿರದ ದಿನ, ನಾವು ಆಪರೇಷನ್ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ, ತಮ್ಮ ಕೈಲೇ ಪಳಗಿದ ಮತ್ತೊಬ್ಬ ಡ್ರೈವರಿಗೆ ಕೀಲಿ ಕೊಟ್ಟು, "ಎರಡ್ ಟ್ರಿಪ್ ನೀನ್ ಓಡ್ಸಪ್ಪ, ನಂಗೆ ಸೊಂಟ ನೋವು" ಎಂದು ಹಿಂದೆ ಡಬ್ಬಗಳ ನಡುವೆ ಹೋಗಿ ಕೂತರು. ಸೊಂಟ ನೋವೆಂದವರು ಹೋಗಿ ಕೂತದ್ದು ಆ ಕಿಷ್ಕಿಂಧೆಯಲ್ಲಿ. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಎರಡನೆಯ ಟ್ರಿಪ್ಪಿನ ಮರುದಿನ ಬೆಳಿಗ್ಗೆ, ಕ್ಲಿನಿಕ್ಕು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಕಂಕುಳಲ್ಲಿ ಮೂರು ವರ್ಷದ ಕ್ಯಾಲೆಂಡರು. ಒಳಗೆ ಬಂದು ಮೇಜಿನ ಮೇಲೆ ಹರಡಿದರು.

"ಡಾಕ್ಟ್ರಮ್ಮ, ಗಾಡಿ ಮಾರ್ಬೇಡಿ ಅಂತ ಯೋಳಿ. ಕೆಟ್ಟಿರೋದು ಗಾಡಿ ಅಲ್ಲ."

"ಮತ್ತೆ?"

"ನೋಡಿ, ನಾನ್ ಓಡ್ಸಿದ್ರೆ ಆರು. ಅವ್ನ್ ಓಡ್ಸಿದ್ರೆ ಆರು ಪಾಯಿಂಟ್ ಒಂಬತ್ತು, ಏಳು. ಅದೇ ದಾರಿ, ಅದೇ ಜನ, ಅದೇ ಪಂಪು. ಅವ್ನೇನ್ ನನ್ಗಿಂತ ಚೆನ್ನಾಗ್ ಓಡ್ಸಾಕಿಲ್ಲ." ಕ್ಯಾಲೆಂಡರನ್ನು ನನ್ನ ಕಡೆ ಸರಿಸಿ ಮುಂದುವರಿಸಿದರು. "ಬ್ರೇಕ್ ಪ್ಯಾಡೂ ಬೇಗ ಸವೀತಾ ಅದೆ. ಡೀಸೆಲ್ ಎಲ್ಲೋಯ್ತದೆ ಅಂದ್ರೆ ಬ್ರೇಕಿಗೋಯ್ತದೆ. ಬ್ರೇಕ್ ಯಾಕ್ ಒತ್ತೀನಿ ಅಂತ ಯೋಚ್ನೆ ಮಾಡ್ದೆ. ಎದ್ರಿಗಿರೋದು ಕಾಣ್ತದೆ ತಾಯಿ. ಪಕ್ಕದಿಂದ ಬರೋದು ಮಾತ್ರ ಇದ್ದಕ್ಕಿದ್ದಂಗೆ ಬಂದ್ಬುಡ್ತದೆ. ಹಸ, ಮಕ್ಳು, ಸೈಕಲ್ಲು. ಮೊದ್ಲು ದೂರದಿಂದ್ಲೇ ಕಾಣ್ತಿದ್ವು. ನನ್ ಕಣ್ಣು ನೋಡಿ. ಆ ಬೋರ್ಡ್ ಬ್ಯಾಡ, ಅದನ್ನ ಓದ್ಬುಡ್ತೀನಿ."

ಅವರನ್ನು ಎದುರಿಗೆ ಕೂರಿಸಿ, ನನ್ನ ಮೂಗನ್ನೇ ನೋಡಲು ಹೇಳಿ, ನನ್ನೆರಡು ಕೈಗಳನ್ನು ಅವರ ಕಿವಿಯ ನೇರಕ್ಕೆ ಚಾಚಿ ಬೆರಳು ಆಡಿಸಿದೆ.

"ಬೆರಳು ಕಂಡ ತಕ್ಷಣ ಹೇಳಿ ಅಣ್ಣಾ."

"ಆಡಿಸ್ತಿದ್ದೀರಾ ತಾಯಿ?"

ಕೈಗಳನ್ನು ಮುಂದೆ ತಂದೆ. ಇನ್ನೂ ಮುಂದೆ ತಂದೆ. ಅವರ ಮುಖದ ಎದುರಿಗೇ ಬಂದಾಗ "ಹಾಂ, ಈಗ" ಎಂದರು.

ಗ್ಲಾಕೋಮ. ಕಣ್ಣಿನ ಒಳಗೆ ಒತ್ತಡ ಏರಿ, ನೋವಿಲ್ಲದೆ, ಸದ್ದಿಲ್ಲದೆ ಅಂಚಿನಿಂದ ನೋಟವನ್ನು ತಿನ್ನುತ್ತಾ ಬರುವ ರೋಗ. ನಡುವಿನ ದೃಷ್ಟಿ ಕೊನೆಯವರೆಗೂ ಚೆನ್ನಾಗಿರುತ್ತದೆ, ಬೋರ್ಡಿನ ಕಟ್ಟಕಡೆಯ ಸಾಲನ್ನೂ ಓದಿಸುತ್ತದೆ. ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಕಾಯಬಹುದು, ಅಷ್ಟೆ. ಇದನ್ನು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಊರೂರು ಅಲೆದು ಅಪರಿಚಿತರ ಕಣ್ಣಿನ ಒತ್ತಡ ಅಳೆದವಳು, ಪಕ್ಕದ ಸೀಟಿನಲ್ಲಿ ಒಂದು ಮೊಳ ದೂರದಲ್ಲಿದ್ದ ಕಣ್ಣನ್ನು ಬೋರ್ಡು ಓದಿಸಿ ಚಪ್ಪಾಳೆ ತಟ್ಟಿ ಕಳಿಸಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ, ಅವತ್ತು ಅದು ನನ್ನನ್ನೇ ಕುರಿತ ಮಾತಾಯಿತು. ರೋಗಿಯ ಎದುರಿಗೆ ಅಳಬಾರದು ಎನ್ನುತ್ತಾರೆ. ನಾನು ಅತ್ತೆ.

ಅವರೇ ಎದ್ದು ಮೂಲೆಯಲ್ಲಿದ್ದ ಹೂಜಿಯಿಂದ ಒಂದು ಲೋಟ ನೀರು ತಂದುಕೊಟ್ಟರು. "ಬುಡಿ ತಾಯಿ. ನೀವ್ ಓದು ಅಂದ್ರಿ, ನಾನ್ ಓದ್ದೆ. ಇಬ್ರೂ ಸುಳ್ಳಾಡ್ಲಿಲ್ಲ. ಬೇಕಾಗಿರೋದ್ನ ಅಳೀಲಿಲ್ಲ ಅಷ್ಟೆ."

ಮುಂದಿನ ವಾರ ಸಭೆ. ವಯಸ್ಸಾಯಿತೆಂದು ಡ್ರೈವರಣ್ಣ ಕೆಲಸ ಬಿಡುತ್ತಿದ್ದಾರೆ ಎಂದು ಹೇಳೋಣ, ಕಣ್ಣಿನ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದು ನಾನು ಕೇಳಿಕೊಂಡೆ. ಅರ್ಧ ಅವರ ಮಾನ ಉಳಿಸುವುದಕ್ಕೆ, ಇನ್ನರ್ಧ ನನ್ನ ಮಾನ ಉಳಿಸಿಕೊಳ್ಳುವುದಕ್ಕೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಲವತ್ತು ವರ್ಷ ಸ್ಟಿಯರಿಂಗ್ ಹಿಡಿದವರಿಗೆ 'ನನ್ನ ಕಣ್ಣು ಹೋಗಿದೆ' ಎಂದು ನಾಲ್ಕು ಜನರ ಮುಂದೆ ಹೇಳುವುದೆಂದರೆ ಸಣ್ಣ ಮಾತಲ್ಲ. ಅದಾದ ಮೇಲೆ ಯಾರೂ ಒಂದು ಸ್ಕೂಟರಿನ ಕೀಲಿಯನ್ನೂ ಕೊಡುವುದಿಲ್ಲ.

"ಅಂಗಂದ್ರೆ ಗಾಡಿ ಮೇಲಿನ್ ಅನುಮಾನ ಅಂಗೇ ಉಳ್ಕತದೆ" ಎಂದರು ಅವರು. ಸಭೆಯಲ್ಲಿ ಎದ್ದು ನಿಂತು ಕ್ಯಾಲೆಂಡರುಗಳನ್ನು ಅಧ್ಯಕ್ಷರ ಮುಂದಿಟ್ಟರು. "ಗಾಡಿ ಈಗ್ಲೂ ಏಳು ಕೊಡ್ತದೆ ಸಾರ್. ಕಮ್ಮಿ ಆಗಿರೋದು ನನ್ ಕಣ್ಣು" ಎಂದರು. ಅಧ್ಯಕ್ಷರು ಒಂದೊಂದೇ ಪುಟ ತಿರುಗಿಸುತ್ತಾ ಪೆನ್ಸಿಲ್ಲಿನ ಅಂಕಿಗಳ ಮೇಲೆ ಬೆರಳು ಓಡಿಸಿದರು. ಕೊನೆಯ ಪುಟದಲ್ಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಾಡಿ ಮಾರುವ ಮಾತು ಅವತ್ತಿಗೆ ನಿಂತುಹೋಯಿತು. ನಾನೂ ಎದ್ದು, ಒಂಬತ್ತು ವರ್ಷ ಈ ಕಣ್ಣನ್ನು ಸರಿಯಾಗಿ ನೋಡದೇ ಹೋದವಳು ನಾನು ಎಂದು ಹೇಳಿದೆ. ಅವರ ಪಕ್ಕದಲ್ಲಿ ನಿಂತು ಬೇರೆ ಏನನ್ನೂ ಹೇಳಲು ಸಾಧ್ಯವಿರಲಿಲ್ಲ.

ಆಮೇಲೆ ಎರಡು ವರ್ಷ ಬದುಕಿದ್ದರು. ಬೆಳಿಗ್ಗೆ ಸಂಜೆ ತಪ್ಪದೆ ಔಷಧಿಯ ಹನಿ ಹಾಕಿಕೊಂಡರು. ಉಳಿದ ನೋಟ ಉಳಿದಿತ್ತು. ಹೊಸ ಡ್ರೈವರು ಶಿಬಿರ ಮುಗಿಸಿ ಬಂದು ಅಂಕಿ ಹೇಳಲು ದಟ್ಟಗಳ್ಳಿಯ ಅವರ ಮನೆಗೆ ಹೋಗುತ್ತಿದ್ದರು. ಕಡಿಮೆ ಬಂದರೆ ಬೈಗುಳ, ಹೆಚ್ಚು ಬಂದರೆ ಅನುಮಾನ. ಕಳೆದ ಆಷಾಢದಲ್ಲಿ ಒಂದು ಮಧ್ಯಾಹ್ನ ಮುದ್ದೆ ಉಂಡು ಮಲಗಿದವರು ಏಳಲಿಲ್ಲ, ಹೃದಯ ನಿಂತಿತ್ತು. ಬದುಕಿದ್ದಾಗಲೇ ಹೇಳಿಟ್ಟಿದ್ದರಂತೆ, ನೇತ್ರದಾನಕ್ಕೆ ನನ್ನನ್ನೇ ಕರೆಸಬೇಕೆಂದು. ನಾನೇ ಹೋದೆ. ಒಳಗಿನ ನರ ಹಾಳಾಗಿದ್ದರೂ ಕಣ್ಣಿನ ಮುಂದಿನ ಪಾರದರ್ಶಕ ಪದರ ಚೆನ್ನಾಗಿಯೇ ಇತ್ತು, ಅದು ಇಬ್ಬರಿಗೆ ಆಗಿಬಂತು.

ಈಗ ನಾನು ಡ್ರೈವರುಗಳ ಕಣ್ಣು ನೋಡುತ್ತೇನೆ. ಲಾರಿ, ಬಸ್ಸು, ಆಟೋ, ಯಾರೇ ಆಗಲಿ, ಬೋರ್ಡು ಆಮೇಲೆ, ಮೊದಲು ಪಕ್ಕದ ನೋಟ. ಹೋದ ತಿಂಗಳು ದೇವರಾಜ ಮೊಹಲ್ಲಾದಲ್ಲಿ ಮಾರುಕಟ್ಟೆಗೆ ತರಕಾರಿ ಹೊರುವ ಗೂಡ್ಸ್ ಆಟೋದವರನ್ನು ಕೂರಿಸಿಕೊಂಡಿದ್ದೆ. ಒಬ್ಬ ನಡುವಯಸ್ಸಿನವನಿಗೆ ಎಡಗಡೆಯ ಬೆರಳು ಕಾಣುವುದು ಸ್ವಲ್ಪ ತಡವಾಯಿತು. ಒತ್ತಡ ಅಳೆದೆ, ಏರಿತ್ತು. ಈಗಷ್ಟೇ ಶುರುವಾಗಿದೆ, ಹನಿ ತಪ್ಪಿಸದೆ ಹಾಕಿಕೊಂಡರೆ ಗಾಡಿ ಓಡಿಸಿಕೊಂಡೇ ಇರಬಹುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆತ ಔಷಧಿಯ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

"ಎಲ್ಲಾ ಡಾಕ್ಟ್ರೂ ಅಕ್ಷರ ಓದಿಸ್ತಾರೆ ಮೇಡಮ್ಮೋರೆ. ನೀವು ಬೆರಳಾಡ್ಸಿದ್ರಿ" ಎಂದ.

"ನಮ್ಮ ಡ್ರೈವರು ಕಲಿಸಿದ್ದು" ಎಂದೆ. "ಅವರ ಕಣ್ಣು ನೋಡೋದು ನಾನು ತಡ ಮಾಡಿಬಿಟ್ಟೆ."